ಎಂಎಂಎಸ್‌ಇಯಲ್ಲಿ 30ಕ್ಕೆ 22 ಬಂದರೆ ಅದು ಮರೆವಿನ ಕಾಯಿಲೆಯೇ?

ನೆನಪು, ಲೆಕ್ಕ, ಓದು-ಬರಹ ಎಲ್ಲ ನೋಡುವ 30 ಅಂಕದ ಸಣ್ಣ ಪರೀಕ್ಷೆ ಎಂಎಂಎಸ್‌ಇಯಲ್ಲಿ ನಿಮ್ಮ ತಾಯಿಗೆ 22 ಬಂತೆಂದು ಕೇಳಿದ್ದೀರಿ. ಅವರಿಗೆ 72 ವರ್ಷ, ಓದಿದ್ದು ನಾಲ್ಕನೇ ಕ್ಲಾಸು ಅಂದಿದ್ದೀರಿ. ಹಾಗಿದ್ದರೆ 22 ಅನ್ನೋ ಒಂದೇ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅಂಕ ಎಲ್ಲಿ ಹೋಗಿದೆ ನೋಡಿ.

ನೂರರಿಂದ ಏಳೇಳು ಕಳೆಯುವ ಲೆಕ್ಕಕ್ಕೇ 5 ಅಂಕ. 'ಕಣ್ಣು ಮುಚ್ಚಿ' ಎಂಬ ಬರಹ ಓದಿ ಹಾಗೇ ಮಾಡುವುದು, ಒಂದು ವಾಕ್ಯ ಬರೆಯುವುದು, ಐದು ಮೂಲೆಯ ಚಿತ್ರ ನಕಲು ಮಾಡುವುದು, ತಲಾ 1. ಪೆನ್ಸಿಲ್ ಬಿಟ್ಟು ಅರವತ್ತು ವರ್ಷವಾದವರು ಇಲ್ಲೇ ಏಳೆಂಟು ಕಳೆದುಕೊಳ್ಳಬಹುದು. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ರೂಪಿಸಿದ, ಇದೇ ಪರೀಕ್ಷೆಯ ಹಿಂದಿ ರೂಪವಾದ ಎಚ್‌ಎಂಎಸ್‌ಇಯಲ್ಲಿ 'ಓದಿ, ಹಾಗೇ ಮಾಡಿ' ಎನ್ನುವ ಬದಲು, ಪರೀಕ್ಷಕರು ತಾವೇ ಕಣ್ಣು ಮುಚ್ಚಿ ತೋರಿಸುತ್ತಾರೆ.

ನಾನು ಮೊದಲು ನೋಡುವುದು, ಪರೀಕ್ಷೆಯಲ್ಲಿ ಹೇಳಿಕೊಟ್ಟ ಮೂರು ಪದಗಳ ನೆನಪು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಹೇಳಲಾಗದಿದ್ದರೂ, 'ಅದೊಂದು ಹಣ್ಣು' ಎಂದು ಸುಳಿವು ಕೊಟ್ಟ ಕೂಡಲೇ 'ಹಾಂ, ಮಾವು' ಎಂದರೆ ನೆನಪು ಒಳಗಿದೆ, ಹೊರಬರಲು ತಿಣುಕುತ್ತಿದೆ ಅಷ್ಟೆ. ಖಿನ್ನತೆಯಲ್ಲಿ, ಮೆದುಳಿನ ಸಣ್ಣ ರಕ್ತನಾಳಗಳ ತೊಂದರೆಯಲ್ಲಿ ಹೀಗಾಗುವುದುಂಟು. ಸುಳಿವು ಕೊಟ್ಟರೂ ಹೊಳೆಯದೆ, 'ಪದ ಹೇಳಿದ್ರಾ? ಯಾವಾಗ?' ಎಂದರೆ ಆಲ್ಝೈಮರ್ ಶಂಕೆ ಬಲವಾಗುತ್ತದೆ. (ಸುಳಿವಿನಿಂದ ಬಂದ ಉತ್ತರಕ್ಕೆ ಅಂಕವಿಲ್ಲ, ಹಾಗಾಗಿ ಮೊತ್ತದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.)

ಕಿವಿ ಸರಿಯಾಗಿ ಕೇಳಿಸುತ್ತಿತ್ತೇ, ಕನ್ನಡಕ ಹಾಕಿಕೊಂಡಿದ್ದರೇ, ಕೇಳಿಕೊಳ್ಳಿ. ಬಿ12, ಥೈರಾಯ್ಡ್ ಪರೀಕ್ಷೆ ಆಗಿರಲಿ. ದುಡ್ಡಿನ ಲೆಕ್ಕ, ಮಾತ್ರೆ, ಅಡುಗೆ ಮೊದಲಿನಂತೆ ನಿಭಾಯಿಸುತ್ತಿದ್ದಾರಾ ಎಂಬುದನ್ನು ವೈದ್ಯರಿಗೆ ನೀವೇ ಹೇಳಬೇಕು. ಆರು ತಿಂಗಳೋ ವರ್ಷವೋ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿಸಿ, ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ.