ಮಣ್ಣು ಪರೀಕ್ಷೆಗೆ ಸಿಗದ ಕಾರಣ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ರಾಂಪತ್ರೆ ಜಡ್ಡಿಗಳ (ಕಾಡುಜಾಯಿಕಾಯಿ ಬಳಗದ ಮರಗಳಿರುವ ಜೌಗುಕಾಡುಗಳ) ಬಗ್ಗೆ ಬರೆಯುತ್ತಾ, ಯಾವ ಮರ ಎಲ್ಲಿ ನಿಂತಿದೆ ಎಂಬುದಕ್ಕೆ ‘ಇತಿಹಾಸ, ಇತಿಹಾಸ’ವೇ ಕಾರಣ ಎಂದು ರಾಗ ಎಳೆದಿದ್ದೀರಿ. ಗಿಡಕ್ಕೆ ಬೇಕಾದದ್ದು ನೀರು, ನೆರಳು, ಮಣ್ಣು. ನಮ್ಮ ತೋಟದ ತಗ್ಗಿನಲ್ಲಿ ವರ್ಷವಿಡೀ ನೀರು ನಿಲ್ಲುತ್ತದೆ. ಶಿರಸಿಯ ನೆಂಟರು ಒಣಗಿಸಿ ಕೊಟ್ಟ 200 ರಾಂಪತ್ರೆ ಬೀಜ ಊರಿದೆ, ಒಂದೂ ಹುಟ್ಟಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಲೇ?”

ಸಂಪಾದಕರ ಉತ್ತರ: ಪರೀಕ್ಷೆಯ ಖರ್ಚು ಉಳಿಸಿ, ಸ್ವಾಮಿ. ನಿಮ್ಮ ಬೀಜ ಮಣ್ಣಿಗೆ ಬೀಳುವ ಮೊದಲೇ ಸತ್ತಿತ್ತು. ರಾಗಿ, ಹುರುಳಿಯ ಹಾಗೆ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ಮಳೆಗೆ ತೆಗೆಯುವ ಜಾತಿ ಇದಲ್ಲ. ಒಳಗಿನ ತೇವ ಆರಿತೋ, ಮೊಳೆಯುವ ಶಕ್ತಿಯೂ ಹೋಯಿತು. ಕಾಯಿ ತಾನಾಗಿ ಬಿರಿದಾಗ ಆರಿಸಿ, ಅಂದೇ ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ನಾಲ್ಕೈದು ದಿನದೊಳಗೆ ನೆರಳಿನ ಮರಳುಪಾತಿಯಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಬೇಕು. ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಮೊಳಕೆಗೆ ತಿಂಗಳ ಮೇಲೆಯೇ ಹಿಡಿಯುತ್ತದೆ. ಅಷ್ಟರಲ್ಲಿ ಪಾತಿ ಒಮ್ಮೆ ಒಣಗಿದರೂ ಕೆಟ್ಟಿತು, ತಾಳ್ಮೆಗೆಟ್ಟು ಕೆದಕಿ ನೋಡಿದರೂ ಕೆಟ್ಟಿತು.

ನೀವು ಬೇಡವೆಂದ ಇತಿಹಾಸ ಇದೇ ಬೀಜದಲ್ಲಿದೆ, ನೋಡಿ. ಗಾಳಿಯಲ್ಲಿ ತೇಲಿ ಹೋಗಲಾರದಷ್ಟು ಭಾರ. ಮಣ್ಣಿನಲ್ಲಿ ಹತ್ತು ವರ್ಷ ಕಾದು ಕೂರುವ ತಾಕತ್ತೂ ಇಲ್ಲ. ಮಂಗಟ್ಟೆಯೋ ಕಾಡುಪಾರಿವಾಳವೋ ಕೆಂಪು ಪತ್ರೆಯ ಆಸೆಗೆ ನುಂಗಿ, ಬೀಜವನ್ನು ಇನ್ನೆಲ್ಲೋ ಉಗುಳಬೇಕು. ಉಗುಳಿದ ಜಾಗವೂ ತಂಪಾಗಿರಬೇಕು. ನಡುವೆ ಹತ್ತಾರು ಮೈಲಿ ಗದ್ದೆ, ಬಯಲು ಬಂದರೆ ಪ್ರಯಾಣ ಅಲ್ಲಿಗೇ ನಿಂತಿತು. ಹಾಗಾಗಿ ಇವತ್ತು ರಾಂಪತ್ರೆ ಬಳಗ ತಾನಾಗಿ ನಿಂತ ಜಡ್ಡಿ ಎಂದರೆ ಬಹುಮಟ್ಟಿಗೆ ಅದರ ಹಿರೀಕರೂ ಕದಲದೆ ನಿಂತಿದ್ದ ಜಾಗ.

ಹವೆಯ ಪಾತ್ರವನ್ನು ಅಲ್ಲಗಳೆಯುತ್ತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬಿದ್ದರೂ ಬಹುಪಾಲು ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಕೇರಳದ ದಕ್ಷಿಣ ತುದಿಯಿಂದ ಉತ್ತರಕ್ಕೆ ಬಂದಷ್ಟೂ ಒಣ ತಿಂಗಳು ಹೆಚ್ಚುತ್ತವೆ, ನಿತ್ಯಹಸಿರು ಜಾತಿಗಳು ಒಂದೊಂದಾಗಿ ಹಿಂದುಳಿಯುತ್ತವೆ. ಇಷ್ಟು ನಿಮ್ಮ ಪಾಲಿನ ಸತ್ಯ.

ಆದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿಗೆ ನಿಮ್ಮ ಲೆಕ್ಕದಲ್ಲಿ ಉತ್ತರವಿದೆಯೆ? ತಿರುವಾಂಕೂರಿನ ಜೌಗಿನ ಮರವೆಂದೇ ಹೆಸರಾದ ಸಿಜಿಜಿಯಂ ಟ್ರಾವಂಕೋರಿಕಂ ನೂರಾರು ಕಿಲೋಮೀಟರ್ ಉತ್ತರಕ್ಕೆ ಆ ಸೀಮೆಯ ಜಡ್ಡಿಗಳಲ್ಲಿದೆ. ಕಾಡುಗೇರಿನ ಬಳಗದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಜಗತ್ತಿಗೆ ಪರಿಚಯವಾದದ್ದು 2000ದಲ್ಲಿ, ಅದೂ ಅಲ್ಲಿಂದಲೇ. ಹೊನ್ನಾವರದ ಕರಿಕಾನಮ್ಮನ ಗುಡ್ಡಕ್ಕೆ ಬನ್ನಿ. ಅಲ್ಲಿ ಜೌಗೂ ಇಲ್ಲ. ದೇವಸ್ಥಾನದ ಸುತ್ತ ಸಾಲುಧೂಪದ ಕುಟುಂಬದ ನಿತ್ಯಹಸಿರು ಜಾತಿಯಾದ ಡಿಪ್ಟೆರೋಕಾರ್ಪಸ್ ಇಂಡಿಕಸ್ ಮರಗಳು ಸಾಲಾಗಿ ಮುಗಿಲಿಗೆ ಎದ್ದಿವೆ. ಅದೇ ಮಳೆ, ಅದೇ ಕಡಲಗಾಳಿ ಪಡೆಯುವ ಆಸುಪಾಸಿನ ಗುಡ್ಡಗಳಲ್ಲಿ ಅವು ಕಾಣುವುದಿಲ್ಲ. ಅಲ್ಲೆಲ್ಲ ಕುಮರಿಯ (ಕಾಡು ಸುಟ್ಟು ಮಾಡುವ ಬೇಸಾಯದ) ಬೆಂಕಿ, ಸೊಪ್ಪಿನ ಕತ್ತಿ, ದನ ಆಡಿವೆ. ಇಲ್ಲಿ ಅಮ್ಮನ ಭಯ ಕಾದಿದೆ. ಯಾವ ಪ್ರಯೋಗಾಲಯದ ಮಣ್ಣಿನ ಚೀಟಿಯಲ್ಲೂ ‘ದೇವರ ಭಯ’ ಎಂಬ ಕಲಂ ಇಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆ? ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಗಟ್ಟಿಗೊಂಡ ರಾಳ ಸಿಕ್ಕಿದೆ, ಒಳಗೆ ಕೀಟಗಳ ಸಮೇತ. ಆ ರಾಳ ನಮ್ಮ ಸಾಲುಧೂಪದ ಕುಟುಂಬದ ಮರಗಳದ್ದು. ಅಂಥ ಮಳೆಕಾಡಿನ ಸುಳಿವೂ ಇವತ್ತು ಅಲ್ಲಿಲ್ಲ. ಭೂಖಂಡ ಸರಿದು, ಹವೆ ಒಣಗಿ, ಕಾಡು ಘಟ್ಟದ ಮಡಿಲಿಗೆ ಕುಗ್ಗಿತು. ಉಳಿದ ತುಣುಕುಗಳೊಳಗೂ ನೀರಾಸರೆಯ ಕಣಿವೆ ಹುಡುಕಿಕೊಂಡವು ನಮ್ಮ ಜಡ್ಡಿಗಳು.

ಆ ಕಣಿವೆಗಳನ್ನೇ ಆಮೇಲೆ ಕಣ್ಣಿಟ್ಟು ಆರಿಸಿದ್ದು ಯಾರು? ಬೇಸರ ಮಾಡಿಕೊಳ್ಳಬೇಡಿ, ಅಡಿಕೆಯವರು ಮತ್ತು ಭತ್ತದವರು. ಬೇಸಿಗೆಯಲ್ಲೂ ಆರದ ನೀರು, ಗುಡ್ಡದ ನೆರಳು, ಕೊಳೆತೆಲೆಯ ಕಪ್ಪು ಮಣ್ಣು: ತೋಟಕ್ಕೂ ಜಡ್ಡಿಗೂ ಬೇಕಾದದ್ದು ಒಂದೇ. ಆದ್ದರಿಂದ ‘ಪರಿಸರ ಹೊಂದುತ್ತದೆ’ ಎಂಬ ಕಾರಣಕ್ಕೇ ಎಷ್ಟೋ ಜಡ್ಡಿಗಳು ತೋಟಗಳಾದವು.

ಬೀಜದ, ಜಾಗದ ಈ ಇತಿಹಾಸವನ್ನು ಮರೆತವರ ಪಟ್ಟಿ ದೊಡ್ಡದು, ನೀವು ಕೊನೆಯಲ್ಲಿದ್ದೀರಿ. ಪ್ರತಿ ಜೂನ್‌ನಲ್ಲಿ ಲಕ್ಷಗಟ್ಟಲೆ ಬೀಜದುಂಡೆ ಎಸೆಯುವ ಉತ್ಸಾಹಿಗಳನ್ನು ನೋಡಿ. ಏಪ್ರಿಲ್‌ನಲ್ಲಿ ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಮೂಟೆ ಕಟ್ಟುತ್ತಾರೆ. ಹೊಂಗೆ, ಸೀಗೆ ಬದುಕಿಯಾವು. ರಾಂಪತ್ರೆ, ಧೂಪ, ಹಲಸಿನ ಬೀಜ ಉಂಡೆಯೊಳಗೇ ಸಾಯುತ್ತವೆ. ಎಸೆದದ್ದರ ಲೆಕ್ಕ ಪತ್ರಿಕೆಗೆ ಬರುತ್ತದೆ, ಹುಟ್ಟಿದ್ದರ ಲೆಕ್ಕ ಕೇಳುವವರಿಲ್ಲ. ಕುದುರೆಮುಖದ ನೆತ್ತಿಯ ಹುಲ್ಲನ್ನು ಕಂಡು ‘ಬೋಳುಗುಡ್ಡ, ಗಿಡ ನೆಡಿ’ ಎನ್ನುವವರದ್ದೂ ಇದೇ ಜಾಡು. ಅಂಥದ್ದೇ ಹುಲ್ಲಿನ ನೆತ್ತಿಗಳಿರುವ ನೀಲಗಿರಿಯ ಜೌಗುಮಣ್ಣಿನ ಇಂಗಾಲವನ್ನು ಅಳೆದು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 20,000 ವರ್ಷಗಳ ಹಿಂದಿನ ಒಣಹವೆಯಲ್ಲೇ ಹುಲ್ಲು ಅಲ್ಲಿ ಮೇಲುಗೈ ಪಡೆದಿತ್ತು. ಕೊಡಲಿ ಬಂದದ್ದು ಎಷ್ಟೋ ಕಾಲದ ಮೇಲೆ. ಅಂಥ ಹುಲ್ಲಿನ ಮೇಲೆ ಆಸ್ಟ್ರೇಲಿಯಾದ ಅಕೇಶಿಯ ನೆಟ್ಟು ‘ಹಸಿರೀಕರಣ’ ಎಂದು ಫಲಕ ಹಾಕುವುದು ನಮ್ಮ ಕಾಲದ ಜಾಣತನ.

ನಿಮ್ಮ ತಗ್ಗಿನ ಮಾತಿಗೆ ಬರೋಣ. ನೀರು ‘ನಿಲ್ಲುತ್ತದೆ’ ಎಂದಿರಿ. ಜಡ್ಡಿಯ ನೀರು ನಿಧಾನವಾಗಿಯಾದರೂ ಹರಿಯುತ್ತಿರುತ್ತದೆ. ಅಲ್ಲಿನ ಮರಗಳ ಬೇರು ಮಂಡಿ ಮಡಚಿ ಕೆಸರಿನ ಮೇಲಕ್ಕೆ ಬಂದು ಉಸಿರಾಡುತ್ತದೆ. ಮೇಲಿನಿಂದ ಹೂಳು ಬಂದು ಮಂಡಿ ಮುಚ್ಚಿದರೆ ಮರ ಸೊರಗುತ್ತದೆ. ಹಟವೇ ಇದ್ದರೆ ತಗ್ಗಿನ ನಡುವೆ ಬೇಡ, ಅಂಚಿನಲ್ಲಿ, ಅಡಿಕೆಯ ನೆರಳಲ್ಲಿ ನೆಡಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಎರಡು ಗಿಡ ನೆಟ್ಟು ಪತ್ರೆ ಕಾಯುತ್ತ ಕೂರಬೇಡಿ, ಹತ್ತು ಹದಿನೈದಾದರೂ ಇರಲಿ. ತಗ್ಗಿನ ನಡುವಿಗೆ ನಿಮ್ಮ ಸೀಮೆಯ ಹಳ್ಳದ ದಂಡೆಯದ್ದೇ ಆದ ಹೊಳೆಮತ್ತಿ, ನೇರಳೆ ಸಾಕು. ನೇರಳೆ ಬೀಜವನ್ನೂ ಹಣ್ಣಿನಿಂದ ತೆಗೆದ ವಾರದೊಳಗೇ ಹಾಕಿ. ನೆಂಟರಿಗೆ ಹೇಳಿ ಕಳಿಸುವಾಗ, ಒಣಗಿಸಬೇಡಿ ಎಂದು ಎರಡು ಸಲ ಹೇಳಿ.