ಗಂಡ ಜರ್ಮನ್, ತವರು ಬೀದರ್: ಬಾಣಂತನಕ್ಕೆ ಬಂದರೆ ಪರ್ಮಿಟ್ ಹೋಗುತ್ತಾ?

ತಂಗಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಬೀದರ್‌ನವರು, ಮದುವೆ ಆಗುವ ಹುಡುಗ ಜರ್ಮನಿಯವನು. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಪರ್ಮಿಟ್ (ಆ ದೇಶದಲ್ಲಿ ವಾಸ ಮಾಡಲು ಕೊಡುವ ಅನುಮತಿ) ಮಾಡಿಸಬಹುದಾ, ಮುಂದೆ ಹೆರಿಗೆಗೆ ತವರಿಗೆ ಬಂದರೆ ಅದು ರದ್ದಾಗುತ್ತಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವಳು, ನಿಮ್ಮ ಹಾಗೇ ಮದುವೆಯಾಗಿ ಆ ದೇಶಕ್ಕೆ ಹೋದವಳು. ಈಗ ಕಲಬುರಗಿಯ ಬ್ರಹ್ಮಪುರದಲ್ಲಿ ಅವ್ವನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಟೂರಿಸ್ಟ್ ವೀಸಾದ ದಾರಿ ಬೇಡವೇ ಬೇಡ. ಅದರಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಅಷ್ಟೇ. ಸಂಸಾರಕ್ಕೆ ಹೋಗುವವರು ಬೇರೆ ವೀಸಾ ಮಾಡಿಸಿಕೊಂಡೇ ಇಲ್ಲಿಂದ ಹೊರಡಬೇಕು. ಸಾಮಾನ್ಯವಾಗಿ ಎ1, ಅಂದರೆ ಮೊದಲ ಮಟ್ಟದ ಜರ್ಮನ್ ಭಾಷಾ ಪರೀಕ್ಷೆಯೂ ಪಾಸಾಗಿರಬೇಕು. ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬರೆದು ಬಂದೆ.

ಇನ್ನು ಬಾಣಂತನ. ಜರ್ಮನಿಯ ನಿಯಮ ಹೀಗಿದೆ: ಪರ್ಮಿಟ್ ಇದ್ದವರು ಆರು ತಿಂಗಳೊಳಗೆ ವಾಪಸ್ ಹೋಗದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ನಮ್ಮ ಕಡೆಯ ಲೆಕ್ಕವೇ ಬೇರೆ ಅಲ್ವಾ? ಏಳನೇ ತಿಂಗಳಲ್ಲಿ ಕುಬಸ ಮುಗಿಸಿ ತವರಿಗೆ ಬಂದರೆ, ಹೆರಿಗೆಯಾಗಿ ಐದು ತಿಂಗಳ ತನಕ ಅವ್ವ ಕಳಿಸುವುದಿಲ್ಲ. ಕೂಡಿಸಿದರೆ ಏಳು ತಿಂಗಳು ದಾಟುತ್ತದೆ. ನನ್ನ ಅವ್ವ ಕೊಬ್ಬರಿ, ಉತ್ತತ್ತಿ ಹಾಕಿ ಅಂಟಿನುಂಡಿ ಕಟ್ಟುತ್ತಾ, "ಕೂಸಿಗೆ ಕುತ್ತಿಗೆ ನಿಲ್ಲೋತನಕ ವಿಮಾನ ಹತ್ತಬ್ಯಾಡ" ಅಂದಳು. ಅವಳ ಮಾತು ಮೀರಲು ನನಗೂ ಮನಸ್ಸಿರಲಿಲ್ಲ.

ಇದಕ್ಕೆ ದಾರಿ ಇದೆ. ಹೊರಡುವ ಮೊದಲೇ ಅಲ್ಲಿನ ವಿದೇಶಿಯರ ಕಚೇರಿಗೆ ಪತ್ರ ಬರೆದು ಹೆಚ್ಚಿನ ಗಡುವು ಕೇಳಬಹುದು. ನಾನು ಡಾಕ್ಟರ ಚೀಟಿ ಇಟ್ಟು ಒಂಬತ್ತು ತಿಂಗಳು ಕೇಳಿದೆ, ದಿನಾಂಕ ಹಾಕಿ ಬರೆದುಕೊಟ್ಟರು. ಆ ಹಾಳೆ ಪಾಸ್‌ಪೋರ್ಟ್ ಜೊತೆಗೇ ಇರಲಿ. ಫೋನಿನಲ್ಲಿ ಯಾರೋ ಸರಿ ಅಂದರು ಅಂತ ಸುಮ್ನೆ ಬರಬೇಡಿ. ಮುಂದೆ ಕಾಯಂ ಪರ್ಮಿಟ್ ಸಿಕ್ಕ ಮೇಲೆ, ಜರ್ಮನ್ ಗಂಡನ ಜೊತೆ ಸಂಸಾರ ಮಾಡುತ್ತಿರುವ ತನಕ ಈ ಆರು ತಿಂಗಳ ಗಡಿ ಅಡ್ಡ ಬರುವುದಿಲ್ಲ. ಮೂರು ವರ್ಷ ಪರ್ಮಿಟ್ ಮೇಲೆ ಇದ್ದು, ಬಿ1, ಅಂದರೆ ನಡು ಮಟ್ಟದ ಜರ್ಮನ್ ಕಲಿತಿದ್ದರೆ ಅದಕ್ಕೆ ಅರ್ಜಿ ಹಾಕಬಹುದು.

ನನಗೆ ಜಾಸ್ತಿ ಕಾಡಿದ್ದು ಕಾಗದಪತ್ರ. ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಗುಲ್ಬರ್ಗಾ, ಹೊಸದಾಗಿ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ಕಲಬುರಗಿ. ಅಲ್ಲಿನ ಅಧಿಕಾರಿ ಎರಡರ ಮೇಲೂ ಬೆರಳಿಟ್ಟು, ನೀವು ಯಾವ ಊರಲ್ಲಿ ಹುಟ್ಟಿದ್ದು ಅಂತ ಕೇಳಿದರು. 2014ರ ನವೆಂಬರ್ 1ರಿಂದ ಹೆಸರು ಬದಲಾಗಿದೆ ಎನ್ನುವ ಸರ್ಕಾರಿ ಆದೇಶವನ್ನು ಅನುವಾದ ಮಾಡಿಸಿ ಕೊಟ್ಟ ಮೇಲೇ ಫೈಲು ಮುಂದೆ ಹೋಯಿತು. ನಿಮ್ಮದು ಬೀದರ್, ಆ ತೊಂದರೆ ಇಲ್ಲ. ಆದರೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಜನನ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಪ್ಪನ ಹೆಸರು, ಅಡ್ಡಹೆಸರು ಅಕ್ಷರ ಬಿಡದೆ ನೋಡಿ. ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸಲು ಸರ್ಕಾರ ಹಾಕುವ ಮುದ್ರೆ) ಹಾಕಿಸಿದರೆ ಸಾಕು ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಭಾರತದ ಕಾಗದಗಳಿಗೆ ಜರ್ಮನಿ ಅದನ್ನು ಒಪ್ಪುವುದಿಲ್ಲ, ಬೇಕೆನಿಸಿದರೆ ತಾನೇ ವಿಚಾರಣೆ ಮಾಡಿಸುತ್ತದೆ. ನನ್ನ ಶಾಲೆಗೂ ಒಬ್ಬರು ಬಂದು ದಾಖಲಾತಿ ಪುಸ್ತಕ ನೋಡಿ ಹೋದರು.

ಮದುವೆ ಇಲ್ಲೇ ಆದರೆ 1954ರ ವಿಶೇಷ ವಿವಾಹ ಕಾಯ್ದೆ. ಮದುವೆ ಆಗುತ್ತೇವೆ ಅಂತ ವಿವಾಹ ಅಧಿಕಾರಿಗೆ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರು 30 ದಿನ ಜಿಲ್ಲೆಯಲ್ಲಿ ವಾಸವಿರಬೇಕು. ಆಮೇಲೆ 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಹುಡುಗನ ರಜೆಯನ್ನು ಅದಕ್ಕೆ ಹೊಂದಿಸಿ.

ನೀವು ಕೇಳದಿದ್ದರೂ ಅಕ್ಕನ ಹಾಗೆ ಒಂದು ಮಾತು. ಮೊದಲು ನಿಮ್ಮ ಪರ್ಮಿಟ್ ಮದುವೆಗೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ ಮೇಲೆ ಮದುವೆ ಮುರಿದರೂ ಇರುವ ಹಕ್ಕು ನಿಮಗೇ ಬರುತ್ತದೆ. ಹೊಡೆತ ಬಡಿತ ಇದ್ದರೆ ಮೂರು ವರ್ಷ ಸಹಿಸಿಕೊಂಡು ಕೂರಬೇಕಿಲ್ಲ, ಕಾನೂನಿನಲ್ಲಿ ವಿನಾಯಿತಿ ಇದೆ. ನಿಮ್ಮ ಹುಡುಗ ಒಳ್ಳೆಯವನೇ ಇರಬಹುದು. ಆದರೂ ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ನಿಮ್ಮ ಬ್ಯಾಗಿನಲ್ಲೇ ಇರಲಿ, ಒಂದೊಂದು ಪ್ರತಿ ಬೀದರ್‌ನಲ್ಲಿ ನಿಮ್ಮ ಅವ್ವನ ಹತ್ತಿರ ಕೊಟ್ಟು ಹೋಗಿ.