ಕನ್ಫರ್ಮೇಶನ್ ಬೇಡ ಎಂದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಜ್ಜನ ಕಾಲಕ್ಕೆ ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕ್ ಕುಟುಂಬ. ಸಲಹೆ ಕೇಳಲು ನನ್ನ ಹತ್ತಿರ ಬಂದ ತಾಯಿ ಮಾತು ಶುರು ಮಾಡುವ ಮೊದಲೇ ಅತ್ತರು.

"ಮೇಡಂ, ಮಗ ಒಂಬತ್ತನೇ ಕ್ಲಾಸು. ಕನ್ಫರ್ಮೇಶನ್ (ಚರ್ಚಿನಲ್ಲಿ ವಿಶ್ವಾಸವನ್ನು ದೃಢಪಡಿಸುವ ಸಂಸ್ಕಾರ) ಬೇಡ ಅಂತಾನೆ. ಭಾನುವಾರ ಪೂಜೆ ಮುಗಿದ ಕೂಡಲೇ ಕ್ಯಾಟಿಕಿಸಂಗೆ (ಚರ್ಚಿನ ಧರ್ಮಪಾಠಕ್ಕೆ) ಕೂರದೆ ಹೊರಟುಬಿಡ್ತಾನೆ. ಗುರಿಕಾರರು (ಚರ್ಚಿನ ವಾರ್ಡ್ ಮುಖಂಡರು) ಕೇಳಿದಾಗ ತಲೆ ಎತ್ತೋಕೆ ಆಗಲಿಲ್ಲ."

ಹುಡುಗನ ಜೊತೆ ಬೇರೆಯಾಗಿ ಮಾತಾಡಿದೆ. ಕ್ಯಾಟಿಕಿಸಂ ನೋಟ್‌ಬುಕ್ ತಂದಿದ್ದ. ಜ್ಞಾನಸ್ನಾನದಿಂದ ಹಿಡಿದು ಏಳೂ ಸಂಸ್ಕಾರಗಳ ಹೆಸರು ದುಂಡಗೆ ಬರೆದಿದ್ದ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ, 'ಎಲ್ಲರೂ ಪ್ರಾರ್ಥನೆ ಮಾಡಿದ್ವಿ. ಆದರೂ ಅಜ್ಜಿ ಯಾಕೆ ಹೋದರು?'

ಇದನ್ನೇ ಕ್ಲಾಸಿನಲ್ಲಿ ಕೇಳಿದ್ದನಂತೆ. "ಪರೀಕ್ಷೆಗೆ ಬರೋದನ್ನ ಕೇಳು" ಎಂದು ಕೂರಿಸಿದರಂತೆ. ಆ ಮನೆಯಲ್ಲಿ ದಿನಾ ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಶುರು ಮಾಡುತ್ತಿದ್ದವರು ಅಜ್ಜಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೇಣದಬತ್ತಿ ಹಚ್ಚಿ, ಜಪಸರ ಹಿಡಿದು, ಮೊಮ್ಮಗನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ನಿಂತೇಹೋಗಿತ್ತು. ತಾಯಿ ಇದನ್ನು ಹೇಳಿರಲಿಲ್ಲ.

ನನಗೆ ಕಂಡದ್ದು ದುಃಖ. ಅದನ್ನು ಮನೆಯವರು ನಾಸ್ತಿಕತನ ಅಂದುಕೊಂಡಿದ್ದರು. 22ನೇ ಕೀರ್ತನೆ ಶುರುವಾಗುವುದೇ ದೇವರೇ ಯಾಕೆ ಕೈಬಿಟ್ಟೆ ಎಂಬ ಕೂಗಿನಿಂದ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ ಅದನ್ನೇ. ಹುಡುಗನಿಗೆ ಓದಲು ಕೊಟ್ಟೆ. "ಇಂಥದ್ದು ಬೈಬಲಿನಲ್ಲೇ ಇದೆಯಾ?" ಎಂದ.

ತಾಯಿಗೆ ಹೇಳಿದ್ದು ಇಷ್ಟು. ಕನ್ಫರ್ಮೇಶನ್‌ಗೆ ಅವಸರ ಬೇಡ. ಅವನು ಮನಸ್ಸಿಟ್ಟು ಪಡೆಯಬೇಕಾದದ್ದು, ಒಂದು ವರ್ಷ ತಡವಾದರೆ ತಪ್ಪೇನಿಲ್ಲ. ಫಾದರ್ ಹತ್ತಿರ ನೀವೇ ಮಾತಾಡಿ, ಆ ಪ್ರಶ್ನೆಯನ್ನೂ ತೋರಿಸಿ. ತೇರ್ಸ್ ಮತ್ತೆ ಶುರು ಮಾಡಿ. ಐದೂ ರಹಸ್ಯ (ತೇರ್ಸಿನ ಭಾಗಗಳು) ಬೇಡ, ಒಂದು ಸಾಕು, ಹತ್ತು ನಮೋ ಮರಿಯ ಪ್ರಾರ್ಥನೆ. ಆದರೆ ಅಪ್ಪನೂ ಕೂರಬೇಕು. ಅವರು ಅಂಗಳದಲ್ಲಿ ಫೋನ್ ನೋಡುತ್ತಾ ಇದ್ದು ಮಗ ಮಾತ್ರ ಮೊಣಕಾಲೂರಬೇಕು ಅಂದರೆ ನಡೆಯುವುದಿಲ್ಲ, ಅಲ್ವಾ? ಮಕ್ಕಳಿಗೆ ಮೊದಲ ಗುರುಗಳು ತಂದೆ ತಾಯಿ ಎಂದು ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ನಾವು ಅದನ್ನು ಸುಮ್ನೆ ಟೀಚರ್ ತಲೆಗೆ ಕಟ್ಟಿದ್ದೇವೆ. ಬಾಯಿಪಾಠ ಬೇಡ ಎನ್ನುತ್ತಿಲ್ಲ. ಕಷ್ಟದ ಹೊತ್ತಿನಲ್ಲಿ ನಾಲಿಗೆಗೆ ಬರುವುದು ಬಾಯಿಪಾಠವೇ. ಆದರೆ ಪಕ್ಕದಲ್ಲಿ ಪ್ರಶ್ನೆಗೂ ಜಾಗ ಇರಬೇಕು.

ಹುಡುಗನ ಚಿಕ್ಕಪ್ಪ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರು. ಬಡವರ, ರೋಗಿಗಳ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ಈ ಸಭೆಯ ಮುಖ್ಯ ಕೆಲಸ. 1833ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರ ಜೊತೆ ಇದನ್ನು ಕಟ್ಟಿದಾಗ ಫ್ರೆಡರಿಕ್ ಓಝಾನಾಮ್‌ಗೆ ಬರೀ 20 ವರ್ಷ. ನಿಮ್ಮ ಚರ್ಚ್ ಈಗ ಮಾಡುತ್ತಿರುವುದೇನು ಎಂದು ಜೊತೆಯ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ ಅವರನ್ನು ಅಲ್ಲಿಗೆ ತಂದಿತ್ತು. ಹುಡುಗನಿಗೆ ಈ ಕಥೆ ಹಿಡಿಸಿತು. ಚಿಕ್ಕಪ್ಪನ ಜೊತೆ ಕಳಿಸಿ ಎಂದೆ.

ಈಗ ಹಾಸಿಗೆ ಹಿಡಿದ ಹಿರಿಯರೊಬ್ಬರ ಮನೆಗೆ ಹೋಗಿ ಕೀರ್ತನೆ ಓದಿ ಬರುತ್ತಾನೆ. ಕನ್ಫರ್ಮೇಶನ್ ಮುಂದಿನ ವರ್ಷಕ್ಕೆ ಹೋಗಿದೆ, ಫಾದರ್ ಒಪ್ಪಿದ್ದಾರೆ. ಆಗಲೂ ಬೇಡ ಅಂದರೆ ಬೈಯದೆ ನನ್ನ ಹತ್ತಿರ ಕರೆತನ್ನಿ ಎಂದು ತಾಯಿಗೆ ಹೇಳಿಟ್ಟಿದ್ದೇನೆ.